ನೆರೆದೇಶಕ್ಕೆ ನಾಲ್ಕು ದಿನ: ದಾನಿಗಳ ಪ್ರಶ್ನೆಗೆ, ಪೋಷಕರ ಆತಂಕಕ್ಕೆ ಉತ್ತರ



ಈ ವರ್ಷ ನಮ್ಮ ಕಚೇರಿಗೆ ಎರಡು ಫೋನ್ ಕರೆಗಳು ಬಂದವು. ಎರಡೂ ಒಂದೇ ಫೋಟೊದ ಬಗ್ಗೆ. ಟ್ರಸ್ಟಿನ ನೆರವು ಪಡೆದು ಜಪಾನಿನಲ್ಲಿ ಒಂದು ಸೆಮಿಸ್ಟರ್ ಓದುತ್ತಿದ್ದ ನಮ್ಮ ವಿದ್ಯಾರ್ಥಿನಿಯೊಬ್ಬಳು ದಕ್ಷಿಣ ಕೊರಿಯಾದ ಬುಸಾನ್ ಬಂದರಿನಲ್ಲಿ ನಿಂತು ತೆಗೆಸಿಕೊಂಡ ಫೋಟೊ ಅದು. ಮೊದಲ ಕರೆ ಒಬ್ಬ ಹಿರಿಯ ದಾನಿಯದು: “ನಾವು ಕೊಟ್ಟ ಹಣದಲ್ಲಿ ಮಕ್ಕಳು ಊರು ಸುತ್ತುತ್ತಿದ್ದಾರೆಯೇ?” ಎರಡನೆಯದು ಬರುವ ವರ್ಷ ಅರ್ಜಿ ಹಾಕಬೇಕೆಂದಿರುವ ಹುಡುಗಿಯ ಉಮ್ಮನದು: “ಒಂದು ದೇಶಕ್ಕೆ ಕಳಿಸುವುದಕ್ಕೇ ನಮಗೆ ಹೆದರಿಕೆ. ಅಲ್ಲಿಂದ ಇನ್ನೊಂದು ದೇಶಕ್ಕೂ ಹೋಗುತ್ತಾರಾ?”

ಎರಡೂ ನ್ಯಾಯವಾದ ಪ್ರಶ್ನೆಗಳು. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ, ಹೆತ್ತವರಿಗೆ ಹೆದರುವ ಹಕ್ಕಿದೆ. ಆ ವಿದ್ಯಾರ್ಥಿನಿಯ ಮತ್ತು ಆಕೆಯ ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಆ ನಾಲ್ಕು ದಿನಗಳ ಪ್ರವಾಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸುತ್ತಿದ್ದೇವೆ.

ಯಾರ ಹಣ, ಯಾವುದಕ್ಕೆ?

ವಿನಿಮಯ ವಿದ್ಯಾರ್ಥಿ ಎಂದರೆ ಇಲ್ಲಿನ ಕಾಲೇಜು ಬಿಟ್ಟು ವಿದೇಶಕ್ಕೆ ಹೋದವರಲ್ಲ. ಅವರ ದಾಖಲಾತಿ ಇಲ್ಲಿಯೇ ಇರುತ್ತದೆ. ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದದಂತೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಅಲ್ಲಿ ಕುಳಿತು ಪಾಠ ಕೇಳುತ್ತಾರೆ. ಸಾಮಾನ್ಯವಾಗಿ ಶುಲ್ಕವನ್ನು ತಮ್ಮ ಕಾಲೇಜಿಗೇ ಕಟ್ಟುತ್ತಾರೆ, ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಉಳಿಯುವುದು ವಿಮಾನದ ಟಿಕೆಟ್, ವಸತಿ, ಊಟ, ವಿಮೆಯ ಖರ್ಚು. ಇಂಥ ವಿದ್ಯಾರ್ಥಿಗಳಲ್ಲಿ ಆಯ್ಕೆಯಾದವರಿಗೆ ಜಪಾನಿನ ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಜಾಸ್ಸೊ ತಿಂಗಳಿಗೆ 80,000 ಯೆನ್ ವಿದ್ಯಾರ್ಥಿವೇತನ ಕೊಡುತ್ತದೆ.

ನಮ್ಮ ವಿದ್ಯಾರ್ಥಿನಿ ಕರಾವಳಿಯವಳು. ತಂದೆ ದಕ್ಕೆಯಲ್ಲಿ ಮೀನು ವ್ಯಾಪಾರಿ, ಉಮ್ಮ ಬೀಡಿ ಕಟ್ಟುತ್ತಾರೆ. ಆಹಾರ ತಂತ್ರಜ್ಞಾನ ಓದುತ್ತಿದ್ದಾಳೆ. ಫುಕುವೊಕಾದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು, ಜಾಸ್ಸೊ ವೇತನವೂ ಸಿಕ್ಕಿತು. ಆದರೆ ಹೊರಡುವಾಗಲೇ ಕೈಯಲ್ಲಿರಬೇಕಾದ ಟಿಕೆಟ್ ಹಣ ಮತ್ತು ಮೊದಲ ತಿಂಗಳ ಖರ್ಚು ಮನೆಯಲ್ಲಿರಲಿಲ್ಲ. ಟ್ರಸ್ಟ್ ಕೊಟ್ಟಿದ್ದು ಅಷ್ಟನ್ನು ಮಾತ್ರ. ರಸೀದಿಗಳು ಕಡತದಲ್ಲಿವೆ, ಯಾವ ದಾನಿಯೂ ಬಂದು ನೋಡಬಹುದು.

ಬುಸಾನ್ ಪ್ರವಾಸಕ್ಕೆ ಟ್ರಸ್ಟಿನ ಒಂದು ರೂಪಾಯಿಯೂ ಹೋಗಿಲ್ಲ. ಝಕಾತ್ ನಿಧಿಗೆ ಅದರದೇ ಹಕ್ಕುದಾರರಿದ್ದಾರೆ, ಅದನ್ನು ಪ್ರವಾಸಕ್ಕೆ ಕೊಡುವ ಅಧಿಕಾರ ಟ್ರಸ್ಟಿಗೆ ಇಲ್ಲ. ಜಪಾನಿನಲ್ಲಿ ವಿದ್ಯಾರ್ಥಿಗಳು ವಲಸೆ ಇಲಾಖೆಯ ಅನುಮತಿ ಪಡೆದು ವಾರಕ್ಕೆ 28 ಗಂಟೆಗಳವರೆಗೆ ಅರೆಕಾಲಿಕ ಕೆಲಸ ಮಾಡಬಹುದು. ಆಕೆ ಅನುಮತಿ ಪಡೆದು ವಾರದಲ್ಲಿ ಕೆಲವು ಗಂಟೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟಳು, ಹಾಸ್ಟೆಲಿನಲ್ಲಿ ತಾನೇ ಅಡುಗೆ ಮಾಡಿಕೊಂಡಳು, ಉಳಿದ ಹಣದಲ್ಲಿ ಹೋಗಿ ಬಂದಳು. ದಾನಿಗಳ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಹಣ ಯಾರದು ಎಂಬುದಕ್ಕಿಂತ ದೊಡ್ಡ ಅಪಾಯ ಇಂಥ ಪ್ರವಾಸದಲ್ಲಿ ಬೇರೊಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ಬುಸಾನ್ ಏಕೆ?

ನಕ್ಷೆ ನೋಡಿದರೆ ತಿಳಿಯುತ್ತದೆ. ಫುಕುವೊಕಾ ಇರುವುದು ಜಪಾನಿನ ಕ್ಯೂಶು ದ್ವೀಪದ ಉತ್ತರ ಕರಾವಳಿಯಲ್ಲಿ. ಅಲ್ಲಿಂದ ಸಮುದ್ರದಾಚೆಯ ಬುಸಾನ್‌ಗೆ ಸುಮಾರು 200 ಕಿಲೋಮೀಟರ್, ಅಂದರೆ ಮಂಗಳೂರಿನಿಂದ ಬೆಂಗಳೂರಿಗಿಂತ ಹತ್ತಿರ. ಅವರದೇ ರಾಜಧಾನಿ ಟೋಕಿಯೊ ಅದರ ನಾಲ್ಕು ಪಟ್ಟು ದೂರ. ವಿಮಾನದಲ್ಲಿ ಒಂದು ಗಂಟೆಯೂ ಬೇಡ. ಹಗಲಿನ ಹಡಗಿನಲ್ಲಿ ಸುಮಾರು ಆರು ಗಂಟೆ. ನಡುವೆ ತ್ಸುಶಿಮಾ ದ್ವೀಪ ಸಿಗುತ್ತದೆ. ಅದು ಜಪಾನಿನದು, ಆದರೆ ಕೊರಿಯಾದ ತೀರದಿಂದ ಸುಮಾರು 50 ಕಿಲೋಮೀಟರ್ ಅಷ್ಟೇ. 1607ರಿಂದ 1811ರವರೆಗೆ ಕೊರಿಯಾದ ರಾಜದೂತರ ತಂಡಗಳು ಇದೇ ದ್ವೀಪದ ಮೂಲಕ ಹನ್ನೆರಡು ಬಾರಿ ಜಪಾನಿಗೆ ಹೋಗಿ ಬಂದವು. ಆ ರಾಯಭಾರದ ದಾಖಲೆಗಳನ್ನು ಎರಡೂ ದೇಶಗಳ ಸಂಸ್ಥೆಗಳು ಜಂಟಿಯಾಗಿ ಸಲ್ಲಿಸಿ, 2017ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದವು. ಸೆಮಿಸ್ಟರ್ ನಡುವಿನ ರಜೆಯಲ್ಲಿ ಫುಕುವೊಕಾದ ವಿದ್ಯಾರ್ಥಿಗಳು ಬುಸಾನ್‌ಗೆ ಹೋಗುವುದು ನಮ್ಮ ಮಕ್ಕಳು ರಜೆಯಲ್ಲಿ ಮೈಸೂರಿಗೆ ಹೋದಂತೆ.

ಆದರೆ ನಮ್ಮ ಮಕ್ಕಳಿಗೂ ಉಳಿದವರಿಗೂ ಒಂದು ವ್ಯತ್ಯಾಸವಿದೆ. ಅದು ಪಾಸ್‌ಪೋರ್ಟ್.

ಕಾಗದಪತ್ರ: ಪೋಷಕರು ಇದನ್ನು ಎರಡು ಬಾರಿ ಓದಬೇಕು

ಆಕೆ ಹೋಗಿದ್ದು ಇಬ್ಬರು ಸಹಪಾಠಿಗಳೊಂದಿಗೆ. ಒಬ್ಬಳು ಮಲೇಷ್ಯಾದವಳು, ಇನ್ನೊಬ್ಬಳು ಇಂಡೋನೇಷ್ಯಾದವಳು. ಮಲೇಷ್ಯಾದವರಿಗೆ ಕೊರಿಯಾಕ್ಕೆ ಹೋಗಲು ವೀಸಾ ಬೇಡ. ಭಾರತದ, ಇಂಡೋನೇಷ್ಯಾದ ಪಾಸ್‌ಪೋರ್ಟಿಗೆ ವೀಸಾ ಬೇಕು. ಜಪಾನಿನ ವೀಸಾ ಇದ್ದರೆ ಕೊರಿಯಾಕ್ಕೂ ಆಯಿತು ಎಂದುಕೊಳ್ಳಬಾರದು. ಫುಕುವೊಕಾದಲ್ಲೇ ಕೊರಿಯಾದ ಕಾನ್ಸುಲೇಟ್ ಇದೆ. ಪಾಸ್‌ಪೋರ್ಟ್, ಫೋಟೊ, ಜಪಾನಿನ ನಿವಾಸ ಕಾರ್ಡ್, ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ಬ್ಯಾಂಕ್ ಖಾತೆಯ ವಿವರ, ಎಲ್ಲಿ ತಂಗುವುದು ಎಂಬ ವಿವರ ಎಲ್ಲವನ್ನೂ ಜೋಡಿಸಿಕೊಂಡು ಮುಂಚಿತವಾಗಿ ಅರ್ಜಿ ಕೊಡಬೇಕು. ಮಲೇಷ್ಯಾದ ಗೆಳತಿ ಬಯಸಿದ್ದರೆ ಮರುದಿನವೇ ಹೊರಡಬಹುದಿತ್ತು. ಉಳಿದಿಬ್ಬರ ವೀಸಾ ಬರುವವರೆಗೆ ಕಾದಳು. ವೀಸಾ ಕೈಗೆ ಬರುವ ಮೊದಲು ಹಡಗಿನ ಟಿಕೆಟ್ಟಿಗೆ ಹಣ ಕಟ್ಟಲಿಲ್ಲ. ಇದನ್ನು ಎಲ್ಲರೂ ನೆನಪಿಡಬೇಕು.

ಈಗ ನಾವು ಹೇಳಿದ ಆ ದೊಡ್ಡ ಅಪಾಯ. ಕೊರಿಯಾಕ್ಕೆ ಹೋಗುವುದಕ್ಕಿಂತ ಜಪಾನಿಗೆ ಮರಳುವುದು ಮುಖ್ಯ. ನಮ್ಮ ವಿದ್ಯಾರ್ಥಿಗಳಿಗೆ ಜಪಾನಿನ ವಿದ್ಯಾರ್ಥಿ ವೀಸಾ ಸಾಮಾನ್ಯವಾಗಿ ಒಂದೇ ಪ್ರವೇಶಕ್ಕೆ. ಮೊದಲ ಬಾರಿ ವಿಮಾನ ಇಳಿದಾಗಲೇ ಅದು ಮುಗಿಯುತ್ತದೆ. ಅನಂತರ ಅವರನ್ನು ಆ ದೇಶದಲ್ಲಿ ಹಿಡಿದಿಟ್ಟಿರುವುದು ನಿವಾಸ ಅನುಮತಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ತಂಗುವವರಿಗೆ ನಿವಾಸ ಕಾರ್ಡ್ ಕೊಡುತ್ತಾರೆ, ಅಲ್ಲಿ ಅದನ್ನು ಝೈರ್ಯೂ ಕಾರ್ಡ್ ಎನ್ನುತ್ತಾರೆ. ಸುಮ್ಮನೆ ದೇಶ ಬಿಟ್ಟು ಹೊರಟರೆ ಆ ಅನುಮತಿ ಅಲ್ಲಿಗೇ ರದ್ದಾಗುತ್ತದೆ. ಮರಳಿ ಹೋದಾಗ ಅವರು ವಿದ್ಯಾರ್ಥಿಯಲ್ಲ, ಹೊಸದಾಗಿ ವೀಸಾ ತರಬೇಕಾದ ಪರದೇಶಿ. ಸೆಮಿಸ್ಟರ್ ಹೋಯಿತು, ವಿದ್ಯಾರ್ಥಿವೇತನ ಹೋಯಿತು, ನೀವು ಕೊಟ್ಟ ಟಿಕೆಟ್ ಹಣವೂ ಹೋಯಿತು.

ಇದನ್ನು ತಪ್ಪಿಸಲು 2012ರ ಜುಲೈನಿಂದ ಜಪಾನಿನಲ್ಲಿ ಒಂದು ಸರಳ ವ್ಯವಸ್ಥೆ ಇದೆ. ಅದರ ಹೆಸರು ವಿಶೇಷ ಮರುಪ್ರವೇಶ ಅನುಮತಿ. ಕಚೇರಿಗೆ ಅಲೆಯಬೇಕಿಲ್ಲ, ಶುಲ್ಕವೂ ಇಲ್ಲ. ಹೊರಡುವ ಬಂದರಿನಲ್ಲಿ ತುಂಬಿಕೊಡುವ ಚೀಟಿಯಲ್ಲಿ ಒಂದು ಪುಟ್ಟ ಚೌಕವಿರುತ್ತದೆ: ತಾತ್ಕಾಲಿಕವಾಗಿ ಹೊರಗೆ ಹೋಗುತ್ತಿದ್ದೇನೆ, ಮರಳಿ ಬರುತ್ತೇನೆ ಎಂಬುದು ಅದರ ಅರ್ಥ. ಅಲ್ಲಿ ಗುರುತು ಹಾಕಿ, ಪಾಸ್‌ಪೋರ್ಟಿನ ಜೊತೆ ನಿವಾಸ ಕಾರ್ಡ್ ತೋರಿಸಬೇಕು. ಒಂದು ವರ್ಷದೊಳಗೆ, ನಿವಾಸ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅದರೊಳಗೆ, ಮರಳಬೇಕು. ಕಾರ್ಡನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋಗಬಾರದು. ಮೂರು ತಿಂಗಳೊಳಗಿನ ಚಿಕ್ಕ ಕೋರ್ಸಿಗೆ ಹೋದವರಿಗೆ ಆ ಕಾರ್ಡೇ ಇರುವುದಿಲ್ಲ, ಅವರಿಗೆ ಈ ಸೌಲಭ್ಯವೂ ಇಲ್ಲ. ಅಂಥವರು ನೆರೆದೇಶದ ಆಸೆ ಬಿಡುವುದೇ ಒಳ್ಳೆಯದು.

ಒಂದು ಪುಟ್ಟ ಚೌಕದಲ್ಲಿ ಒಂದು ಗುರುತು. ಹೆತ್ತವರ ವರ್ಷಗಳ ದುಡಿಮೆ ಅದರ ಮೇಲೆ ನಿಂತಿರುತ್ತದೆ. ಬೇರೆ ದೇಶಗಳಿಗೆ ಹೋಗುವವರಿಗೆ ನಿಯಮ ಬೇರೆ ಇರುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಎಲ್ಲ ಕಡೆಯೂ ಒಂದೇ: “ಹೊರಗೆ ಹೋದರೆ ಒಳಗೆ ಬರುವ ಹಕ್ಕು ಉಳಿಯುತ್ತದೆಯೇ?” ಈ ಪ್ರಶ್ನೆಗೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಲಿಖಿತ ಉತ್ತರ ಪಡೆಯಬೇಕು. ಗೆಳೆಯರ ಮಾತು ಸಾಲದು.

ನಮಾಝ್ ಮತ್ತು ಊಟ

ಪೋಷಕರು ಹೆಚ್ಚು ಕೇಳುವುದು ಈ ಎರಡರ ಬಗ್ಗೆ. ಫುಕುವೊಕಾದಲ್ಲಿ ಮಸೀದಿ ಇದೆ. ಕ್ಯೂಶು ವಿಶ್ವವಿದ್ಯಾಲಯದ ಮುಸ್ಲಿಂ ವಿದ್ಯಾರ್ಥಿಗಳ ಸಂಘದ ಪ್ರಯತ್ನದಿಂದ ಅದು 2009ರಲ್ಲಿ ತೆರೆಯಿತು. ಜಪಾನಿನ ಮೊದಲ ಮಸೀದಿ ಕೋಬೆಯದು, 1935ರದ್ದು. ಅದನ್ನು ಕಟ್ಟಿಸಿದವರಲ್ಲಿ ಭಾರತದ ವ್ಯಾಪಾರಿಗಳೂ ಇದ್ದರು. ಸಮುದ್ರದಾಚೆ ಹೋದವರಿಗೆ ನೆರಳು ಮಾಡಿಕೊಡುವುದು ನಮ್ಮ ಜನರಿಗೆ ಹೊಸದಲ್ಲ. ಬುಸಾನ್‌ನಲ್ಲಿ 1980ರಿಂದ ಮಸೀದಿ ಇದೆ. ಸಿಯೋಲ್‌ನ ಕೇಂದ್ರ ಮಸೀದಿ 1976ರಲ್ಲಿ ತೆರೆಯಿತು, ಅದರ ಜಾಗ ಕೊಟ್ಟಿದ್ದು ಕೊರಿಯಾ ಸರ್ಕಾರ.

ಪ್ರಯಾಣದಲ್ಲಿ ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸುವ ವಿನಾಯಿತಿ ಇದೆ. ನಮ್ಮ ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು, ಘಟ್ಟದ ಮೇಲೆ ಹನಫಿಗಳು ಹೆಚ್ಚು. ಎಷ್ಟು ದಿನ ತಂಗಿದರೆ ಪ್ರಯಾಣಿಕ, ಎರಡು ನಮಾಝ್‌ಗಳನ್ನು ಸೇರಿಸಿ ಮಾಡಬಹುದೇ ಎಂಬುದರಲ್ಲಿ ಎರಡು ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಹೊರಡುವ ಮೊದಲೇ ನಿಮ್ಮ ಉಸ್ತಾದರಲ್ಲಿ ಕೇಳಿ ಬರೆದುಕೊಂಡು ಹೋಗುವುದು ಒಳ್ಳೆಯದು. ಒಂದು ಸ್ವಾರಸ್ಯದ ವಿಷಯ: ಬುಸಾನ್‌ನಿಂದಲೂ ಮಂಗಳೂರಿನಿಂದಲೂ ಕಿಬ್ಲಾ ದಿಕ್ಸೂಚಿಯಲ್ಲಿ ಬಹುತೇಕ ಒಂದೇ ಕಡೆ, ಪಶ್ಚಿಮದಿಂದ ತುಸು ಉತ್ತರಕ್ಕೆ. ಸಾವಿರಾರು ಕಿಲೋಮೀಟರ್ ಆಚೆ ಹೋದರೂ ಮನೆಯಲ್ಲಿ ತಿರುಗುತ್ತಿದ್ದ ದಿಕ್ಕಿಗೇ ತಿರುಗಬೇಕು.

ಊಟಕ್ಕೆ ಎಚ್ಚರ ಬೇಕು. ಕೊರಿಯಾದಲ್ಲಿ ಹಂದಿಮಾಂಸ ಸಾಮಾನ್ಯ. ಅನ್ನ, ತರಕಾರಿಯನ್ನು ಕಡಲಪಾಚಿಯ ಹಾಳೆಯಲ್ಲಿ ಸುತ್ತಿ ಮಾಡುವ ಕಿಂಬಾಪ್ ನೋಡಲು ಸಸ್ಯಾಹಾರದಂತಿರುತ್ತದೆ, ಒಳಗೆ ಹ್ಯಾಮ್ ಇರಬಹುದು. ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ಹೋಟೆಲುಗಳನ್ನು ನಾಲ್ಕು ವರ್ಗ ಮಾಡಿದೆ: ಹಲಾಲ್ ಪ್ರಮಾಣಪತ್ರ ಇರುವವು, ಮಾಲೀಕರೇ ಹಲಾಲ್ ಎಂದು ಹೇಳಿಕೊಂಡವು, ಮುಸ್ಲಿಂ ಸ್ನೇಹಿ ಊಟ ಸಿಗುವವು, ಹಂದಿಮಾಂಸ ಬಳಸದವು. ನಾಲ್ಕನ್ನೂ ಒಂದೇ ಎಂದು ಎಣಿಸಬಾರದು, ಹಂದಿ ಇಲ್ಲ ಎಂದರೆ ಕೋಳಿ ಹಲಾಲ್ ಎಂದಾಗುವುದಿಲ್ಲ. ಆಹಾರ ತಂತ್ರಜ್ಞಾನದ ವಿದ್ಯಾರ್ಥಿನಿಗೆ ಈ ವರ್ಗೀಕರಣವೇ ಒಂದು ಪಾಠವಾಯಿತು. ಊರಿಗೆ ಮರಳಿದ ಮೇಲೆ ಆಕೆ ಆರಿಸಿಕೊಂಡ ಪ್ರಾಜೆಕ್ಟ್ ವಿಷಯ ಆಹಾರದ ಲೇಬಲ್‌ಗಳದು.

ನಾಲ್ಕು ದಿನದಲ್ಲಿ ಕಂಡದ್ದು

ಜಗಾಲ್ಚಿ ಬುಸಾನ್‌ನ ಹೆಸರಾಂತ ಮೀನು ಮಾರುಕಟ್ಟೆ. ಅಲ್ಲಿ ಮೀನು ಮಾರುವವರಲ್ಲಿ ಹೆಂಗಸರೇ ಹೆಚ್ಚು. 1950ರಿಂದ 1953ರವರೆಗಿನ ಕೊರಿಯಾ ಯುದ್ಧದಲ್ಲಿ ಬುಸಾನ್ ತಾತ್ಕಾಲಿಕ ರಾಜಧಾನಿಯಾಗಿತ್ತು, ಉತ್ತರದಿಂದ ನಿರಾಶ್ರಿತರು ಬಂದು ತುಂಬಿದರು. ಗಂಡನನ್ನು, ಮನೆಯನ್ನು ಕಳೆದುಕೊಂಡ ಹೆಂಗಸರು ಬುಟ್ಟಿ ಹಿಡಿದು ಮೀನು ಮಾರಿ ಮಕ್ಕಳನ್ನು ಸಾಕಿದರು. ದಕ್ಕೆಯಲ್ಲಿ ಬೆಳೆದ ಹುಡುಗಿಗೆ ಆ ಕೂಗು, ಆ ಮಂಜುಗಡ್ಡೆ, ಆ ರಬ್ಬರ್ ಬೂಟು ಯಾವುದೂ ಹೊಸದಲ್ಲ. ಹೊಸದಾಗಿ ಕಂಡದ್ದು ನೆಲದ ಸ್ವಚ್ಛತೆ ಮತ್ತು ಜೀವಂತ ಮೀನನ್ನು ತೊಟ್ಟಿಯಲ್ಲಿ ಇಟ್ಟು ಮಾರುವ ರೀತಿ. ತಂದೆಗೆ ವಿಡಿಯೊ ಕಳಿಸಿದಳು. ಅವರು ಕೇಳಿದ ಮೊದಲ ಪ್ರಶ್ನೆ, “ಬೂತಾಯಿಗೆ ಅಲ್ಲಿ ರೇಟೆಷ್ಟು?”

ಬುಸಾನ್‌ನಲ್ಲಿ ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನವಿದೆ. 1951ರಲ್ಲಿ ಆದದ್ದು. ಆ ಯುದ್ಧದಲ್ಲಿ ಸತ್ತ ಹಲವು ದೇಶಗಳ 2,000ಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಟರ್ಕಿಯ ಸೈನಿಕರು. ಆ ಟರ್ಕಿ ಪಡೆಯೊಂದಿಗೆ ಬಂದ ಇಮಾಮರ ಮೂಲಕವೇ 1950ರ ದಶಕದಲ್ಲಿ ಅನೇಕ ಕೊರಿಯನ್ನರಿಗೆ ಇಸ್ಲಾಮಿನ ಪರಿಚಯವಾಯಿತು. ಮೂವರು ಹುಡುಗಿಯರು ಆ ಸಾಲುಗಳ ಮುಂದೆ ನಿಂತು ಫಾತಿಹಾ ಓದಿ ಬಂದರು.

ಆ ಯುದ್ಧದಲ್ಲಿ ನಮ್ಮವರೂ ಇದ್ದರು. ಭಾರತ ಯುದ್ಧ ಮಾಡಲು ಸೈನ್ಯ ಕಳಿಸಲಿಲ್ಲ, ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಪಡೆಯನ್ನು ಕಳಿಸಿತು. ಅದು 1950ರ ನವೆಂಬರಿನಲ್ಲಿ ಇದೇ ಬುಸಾನ್ ಬಂದರಿನಲ್ಲಿ ಇಳಿಯಿತು. ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ ಸಾವಿರಾರು ಯುದ್ಧ ಕೈದಿಗಳ ಭವಿಷ್ಯ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಮಂಗಳೂರಿನಿಂದ ಕೊಡಗಿಗೆ ನಾಲ್ಕೈದು ಗಂಟೆಯ ದಾರಿ. ಆದರೆ ತಿಮ್ಮಯ್ಯನವರ ಈ ಕೆಲಸ ಆಕೆಗೆ ತಿಳಿದದ್ದು ಬುಸಾನ್‌ನಿಂದ ಮರಳಿ ಗ್ರಂಥಾಲಯದಲ್ಲಿ ಓದಿದಾಗ.

ಕೊರಿಯಾದ ಲಿಪಿಯೂ ಆಕೆಯನ್ನು ಸೆಳೆಯಿತು. ಹಂಗುಲ್ ಎಂಬ ಆ ಲಿಪಿಯನ್ನು ಸೆಜೊಂಗ್ ದೊರೆ 1446ರಲ್ಲಿ ಪ್ರಕಟಿಸಿದ. ಮೂಲ ಅಕ್ಷರ 24. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಉಚ್ಚಾರವನ್ನು ಒಂದೇ ಗುಂಪಾಗಿ ಬರೆಯುತ್ತಾರೆ. ಕಾಗುಣಿತ ಕಲಿತವರಿಗೆ ತತ್ವ ಬೇಗ ಹಿಡಿಯುತ್ತದೆ. ಹಡಗಿನ ಆರು ಗಂಟೆಯಲ್ಲಿ ಅಕ್ಷರ ಕಲಿತು, ಇಳಿದ ಮೇಲೆ ಬಸ್ಸಿನ ಬೋರ್ಡುಗಳನ್ನು ಅರ್ಥ ತಿಳಿಯದಿದ್ದರೂ ಓದತೊಡಗಿದಳು. ಅಲ್ಲಿನ ಮಕ್ಕಳು ತಂದೆಯನ್ನು “ಅಪ್ಪ” ಎಂದು, ತಾಯಿಯನ್ನು ಹೆಚ್ಚುಕಡಿಮೆ ನಮ್ಮ “ಅಮ್ಮ”ನಂತೆ ಕೇಳುವ “ಒಮ್ಮ” ಎಂದು ಕರೆಯುತ್ತಾರೆ. ಉಮ್ಮನಿಗೆ ಫೋನಿನಲ್ಲಿ ಮೊದಲು ಹೇಳಿದ ಸುದ್ದಿ ಇದು.

ಇನ್ನೊಂದು ಪಾಠ ತುಸು ಭಾರದ್ದು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಒಂದೇ ಕಾಲವನ್ನು ಸಮುದ್ರದ ಎರಡು ದಡಗಳಲ್ಲಿ ಬೇರೆ ಬೇರೆ ರೀತಿ ನೆನೆಯುತ್ತಾರೆ ಎಂಬುದನ್ನು ಜಪಾನಿನಲ್ಲಿ ಪಾಠ ಕೇಳಿ ಬುಸಾನ್‌ನ ವಸ್ತುಸಂಗ್ರಹಾಲಯಕ್ಕೆ ಹೋದವಳು ಕಣ್ಣಾರೆ ಕಂಡಳು. ನೆರೆಹೊರೆಯ ನೋವನ್ನು ಎರಡೂ ಕಡೆಯಿಂದ ಕೇಳಿಸಿಕೊಳ್ಳುವ ಅಭ್ಯಾಸ ನಮ್ಮ ಊರುಗಳಲ್ಲಿ ಬದುಕುವವರಿಗೂ ಬೇಕಾದದ್ದು.

ಸುರಕ್ಷತೆ ಮತ್ತು ಮನೆಯವರ ಒಪ್ಪಿಗೆ

ಮೂರು ತಿಂಗಳಿಗಿಂತ ಹೆಚ್ಚು ತಂಗುವ ವಿದ್ಯಾರ್ಥಿ ಜಪಾನಿನ ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ಜಪಾನಿನೊಳಗೆ ಅದು ಚಿಕಿತ್ಸೆಯ ವೆಚ್ಚದ 70 ಶೇಕಡಾ ಭರಿಸುತ್ತದೆ. ನೆರೆದೇಶದ ಆಸ್ಪತ್ರೆಯಲ್ಲಿ ಆ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಹಾಗಾಗಿ ಪ್ರವಾಸಕ್ಕೆ ಪ್ರತ್ಯೇಕ ವಿಮೆ ಮಾಡಿಸಬೇಕು. ಕೊರಿಯಾದಲ್ಲಿ ಪೊಲೀಸ್ 112, ಆಂಬುಲೆನ್ಸ್ 119, ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ ಉತ್ತರಿಸುವ ಸಹಾಯವಾಣಿ 1330. ಹೊರದೇಶದಲ್ಲಿ ಓದುವ ಭಾರತೀಯರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬಹುದು. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಕಡ್ಡಾಯ ಮಾಡಿದ್ದೇವೆ.

ಹೆಣ್ಣುಮಕ್ಕಳು ಮಹ್ರಮ್ ಇಲ್ಲದೆ ದೂರ ಪ್ರಯಾಣ ಮಾಡುವ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಟ್ರಸ್ಟ್ ಇದರಲ್ಲಿ ತೀರ್ಪು ಹೇಳುವುದಿಲ್ಲ. ಕುಟುಂಬ ತಮ್ಮ ಉಸ್ತಾದರಲ್ಲಿ ವಿಚಾರಿಸಿ ನಿರ್ಧರಿಸಲಿ. ನಾವು ಕೇಳುವುದು ಒಂದೇ: ನಿರ್ಧಾರ ಮನೆಯವರಿಗೆ ತಿಳಿದು ಆಗಬೇಕು. ಈ ವಿದ್ಯಾರ್ಥಿನಿ ಟಿಕೆಟ್ ಕೊಳ್ಳುವ ಮೊದಲು ಮನೆಗೆ ತಿಳಿಸಿದ್ದಳು, ತಂಗುವ ಜಾಗದ ವಿಳಾಸ ಕಳಿಸಿದ್ದಳು, ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದಳು. ಜಪಾನಿನಲ್ಲೂ ಕೊರಿಯಾದಲ್ಲೂ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಮಗ್ರಿಬ್ ಮುಗಿಸಿ ಆಕೆ ಕರೆ ಮಾಡುವಾಗ ಇಲ್ಲಿ ಉಮ್ಮ ಮಧ್ಯಾಹ್ನದ ಬೀಡಿ ಕಟ್ಟುತ್ತಾ ಕುಳಿತಿರುತ್ತಿದ್ದರು.

ಹಾಗಾದರೆ ಇದರಿಂದ ಬಂದದ್ದೇನು?

ಎಲ್ಲ ಮಕ್ಕಳೂ ಹೀಗೆ ಹೋಗಬೇಕೆಂದು ನಾವು ಹೇಳುವುದಿಲ್ಲ. ಸಾಲ ಮಾಡಿ ಹೋಗುವುದು, ಹಾಜರಾತಿ ತಪ್ಪಿಸಿ ಹೋಗುವುದು, ಮನೆಗೆ ತಿಳಿಸದೆ ಹೋಗುವುದು ಬೇಡವೇ ಬೇಡ. ಆದರೆ ತಾನೇ ದುಡಿದ ಹಣದಲ್ಲಿ, ನಿಯಮ ತಿಳಿದುಕೊಂಡು, ಕಣ್ಣು ತೆರೆದು ಹೋಗಿ ಬಂದ ನಾಲ್ಕು ದಿನ ವ್ಯರ್ಥವಲ್ಲ. ಮನೆಯಲ್ಲಿ ಯಾರೂ ಪಾಸ್‌ಪೋರ್ಟ್ ಮಾಡಿಸದ ಕುಟುಂಬದ ಹುಡುಗಿ ಒಂದು ಕಾನ್ಸುಲೇಟಿನ ಕೌಂಟರಿನ ಮುಂದೆ ನಿಂತು, ತನ್ನ ಕಾಗದಗಳನ್ನು ತಾನೇ ವಿವರಿಸಿ, ವೀಸಾ ಪಡೆದು ಬಂದಳು. ಈಗ ಟ್ರಸ್ಟಿನ ಕಚೇರಿಯಲ್ಲಿ ಹೊಸ ಅರ್ಜಿದಾರರಿಗೆ ಫಾರಂ ತುಂಬಲು ಕಲಿಸುತ್ತಿರುವವಳು ಅವಳೇ.

ಪ್ರಶ್ನೆ ಕೇಳಿದ ಹಿರಿಯ ದಾನಿಗೆ ರಸೀದಿಗಳನ್ನು ತೋರಿಸಿದೆವು. ನೋಡಿ ಅವರು ಹೇಳಿದ್ದು, “ಇದನ್ನೆಲ್ಲ ಬರೆದು ಹಾಕಿ, ಉಳಿದವರಿಗೂ ತಿಳಿಯಲಿ.” ಅದರಂತೆ ಬರೆದಿದ್ದೇವೆ.

ವಿನಿಮಯ ಕಾರ್ಯಕ್ರಮದ ಅರ್ಜಿದಾರರಿಗೆ ಸೂಚನೆ

1. ಟ್ರಸ್ಟಿನ ನೆರವು ಟಿಕೆಟ್, ವೀಸಾ ಶುಲ್ಕ, ವಿಮೆ ಮತ್ತು ಮೊದಲ ತಿಂಗಳ ವಸತಿಗೆ ಮಾತ್ರ. ಮೂಲ ರಸೀದಿ ಕೊಡಬೇಕು.

2. ಅರ್ಜಿಯೊಂದಿಗೆ ಕಾಲೇಜಿನ ಆಯ್ಕೆ ಪತ್ರ, ವಿದೇಶಿ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಜಮಾಅತ್ ಪತ್ರ ಇರಲಿ.

3. ಪಾಸ್‌ಪೋರ್ಟ್ ಇಲ್ಲದವರು ಆಯ್ಕೆಗಾಗಿ ಕಾಯದೆ ಈಗಲೇ ಮಾಡಿಸಿಕೊಳ್ಳಿ.

4. ಓದುವ ದೇಶದಿಂದ ನೆರೆದೇಶಕ್ಕೆ ಹೋಗುವುದಾದರೆ ಮನೆಯವರ ಒಪ್ಪಿಗೆ ಮತ್ತು ಮರುಪ್ರವೇಶದ ಬಗ್ಗೆ ವಿಶ್ವವಿದ್ಯಾಲಯದ ಲಿಖಿತ ಉತ್ತರವನ್ನು ಮುಂಚಿತವಾಗಿ ನಮಗೆ ಕಳಿಸಬೇಕು. ಖರ್ಚು ಸ್ವಂತದ್ದಾಗಿರಬೇಕು.

5. ಮರಳಿ ಬಂದವರು ಒಂದು ವರ್ಷ ಹೊಸ ಅರ್ಜಿದಾರರಿಗೆ ಮಾರ್ಗದರ್ಶನ ಮಾಡಬೇಕು. ಪಡೆದ ನೆರವಿಗೆ ನಾವು ಕೇಳುವ ಪ್ರತಿಫಲ ಇದೊಂದೇ.

ನಿಮ್ಮ ದಾನವನ್ನು ಅಲ್ಲಾಹನು ಸ್ವೀಕರಿಸಲಿ, ನಮ್ಮ ಮಕ್ಕಳು ಹೋದಲ್ಲೆಲ್ಲ ಕ್ಷೇಮವಾಗಿರಲಿ, ಕಲಿತು ಮನೆಗೆ ಮರಳಲಿ. ಆಮೀನ್.